ನಮ್ಮ ಕಡೆಯ ಹಿರಿಯರಾಗಿ ಬಂದು ಅವರ ಕಡೆಗೆ ಸೇರಿಕೊಂಡ ಶಹಾಪುರದ ಸಾಹೇಬರಿಗೆ

ಇವರಿಗೆ,
ಶ್ರೀಮಾನ್ ಸಾಹೇಬರು (ಟಗರು),
ಈ ಹಿಂದೆ: ಕೆಂಡ ಫ್ಯಾಮಿಲಿ ಬಾರ್ಬಿಕ್ಯೂ, ಸುರಪುರ ರಸ್ತೆ, ಶಹಾಪುರ.
ಹಾಲಿ ಮೊಕ್ಕಾಂ: ಶ್ರೀ ಭಗವಂತರಾಯ ಅವರ ಕುರಿದೊಡ್ಡಿ, ಕಕ್ಕೇರಾ, ಸುರಪುರ ತಾಲ್ಲೂಕು.

ಮಾನ್ಯರೇ,

ತಮ್ಮ ಕೊಂಬು, ಗೊರಸು ಹಾಗೂ ಜೀರ್ಣಶಕ್ತಿ ಮೂರೂ ಸುಸ್ಥಿತಿಯಲ್ಲಿವೆ ಎಂಬ ಸಂಗತಿ ಕಕ್ಕೇರಾದಿಂದ ಬರುವ ಫೋನ್ ಕರೆಗಳ ಮೂಲಕ ತಿಳಿದು ಪರಮ ಸಂತೋಷವಾಗಿದೆ. ಇತ್ತ ನಾವು, ಅಂದರೆ ಯಾದಗಿರಿಯ ಗಂಡಿನ ಕಡೆಯವರು, ತಮ್ಮ ಅಗಲಿಕೆಯಿಂದ ಆಗಿರುವ ಅವಮಾನವೊಂದನ್ನು ಬಿಟ್ಟರೆ ಕ್ಷೇಮ. ತಮಗೆ ಓದಲು ಬರುವುದಿಲ್ಲ ಎಂಬುದನ್ನು ನಾನು ಬಲ್ಲೆನಾದರೂ, ಪತ್ರಗಳನ್ನು ಓದದೆಯೇ ವಿಲೇವಾರಿ ಮಾಡುವ ಅನೇಕ ಸಾಹೇಬರ ಕೈಕೆಳಗೆ ಸೇವೆ ಸಲ್ಲಿಸಿದವಳಾದ್ದರಿಂದ ಅದೊಂದು ಕೊರತೆಯೆಂದು ನನಗೆ ಅನ್ನಿಸಿಲ್ಲ. ತಾವು ಇದನ್ನು ತಿಂದು ಮುಗಿಸುವ ಮೊದಲು ಅಕ್ಕಪಕ್ಕದವರು ಯಾರಾದರೂ ಗಟ್ಟಿಯಾಗಿ ಓದಿ ಹೇಳಲಿ ಎಂಬ ಒಂದೇ ಕಾರಣಕ್ಕೆ ಪತ್ರವನ್ನು ಬಹಿರಂಗಗೊಳಿಸಿದ್ದೇನೆ.

ತಾವು ನನ್ನನ್ನು ಮರೆತಿರಬಹುದು. ನಾನು ಸುಮಂಗಲಾ, ಯಾದಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಹೋದ ತಿಂಗಳ ಒಂದು ಭಾನುವಾರ ತಾವು ನಮ್ಮ ಕ್ರೂಸರ್ ಗಾಡಿಯನ್ನು ಏರಿ ಹಿಂದಿನ ಸೀಟಿನಲ್ಲಿ ಆಸೀನರಾದಾಗ, ತಮ್ಮ ಹಿಂಗಾಲು ಹಿಡಿದು ಎಳೆದವಳು ನಾನೇ. ಆ ಒರಟುತನಕ್ಕೆ ಮೊದಲು ಕ್ಷಮೆ ಕೋರಿ, ನಂತರ ದೂರಿಗೆ ಬರುತ್ತೇನೆ.

ನಾವು ಆ ದಿನ ಹೊರಟಿದ್ದು ನನ್ನ ತಮ್ಮ ಹಣಮೇಶನಿಗೆ ಹೆಣ್ಣು ನೋಡಲು. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅವನನ್ನು ಸಾಕಿ, ಓದಿಸಿ, ಕಡೇಚೂರಿನ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುವವರೆಗೆ ಬೆನ್ನು ಹತ್ತಿದವಳು ನಾನು. ಕಷ್ಟ ಶುರುವಾದದ್ದು ಆಮೇಲೆ. ಹುಡುಗ ಒಳ್ಳೆಯವನು, ಕೆಲಸವಿದೆ, ಚಟಗಳಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು; ಒಪ್ಪಿದ ಮೇಲೆ ನನ್ನ ತಲೆಯ ಆಚೆಗೆ, ಬಾಗಿಲ ಕಡೆಗೆ ಇಣುಕಿ, ನಮ್ಮ ಹಿಂದೆ ಇನ್ನೂ ಯಾರಾದರೂ ಬರುವವರಿದ್ದಾರೋ ಎಂದು ನೋಡುತ್ತಿದ್ದರು. ಗುರುಮಠಕಲ್ ಕಡೆಯ ಒಂದು ಮನೆಯಲ್ಲಂತೂ ಚಹಾ ಕೊಟ್ಟು, ಖಾಲಿಯಾದ ಕಪ್ಪು-ಬಸಿ ಎತ್ತಿಕೊಂಡು, "ದೊಡ್ಡವರು ಯಾರರ ಗಂಡಸರು ಇದ್ರ ಕರ್ಕೊಂಡು ಬರ್ರಿ ಅಕ್ಕಾರ, ಆಮ್ಯಾಲ ಮಾತಾಡೋಣು" ಎಂದು ಬೀಳ್ಕೊಟ್ಟರು. ನಮ್ಮ ಮನೆಯಲ್ಲಿ ನನಗಿಂತ ದೊಡ್ಡವರೆಂದರೆ ಅವ್ವನ ತಂಗಿ, ಚಿಗವ್ವ ಶೇಖಮ್ಮ ಒಬ್ಬಳೇ. ಗಂಡಸರೆಂದರೆ ಮದುವೆಯಾಗಬೇಕಾದ ಹಣಮೇಶನೊಬ್ಬನೇ, ಮತ್ತು ವರನೇ ತನ್ನ ಪರವಾಗಿ ಮಾತಾಡುವುದು ನಮ್ಮ ಕಡೆ ಚೆಂದ ಕಾಣುವುದಿಲ್ಲ.

ಕಕ್ಕೇರಾದ ಭಾರತಿಯನ್ನು ಹಣಮೇಶ ಸೈದಾಪುರದಲ್ಲಿ ಯಾರದೋ ಮದುವೆಯಲ್ಲಿ ನೋಡಿ ಬಂದಿದ್ದ. ಅಂದಿನಿಂದ ಅನ್ನದ ತಟ್ಟೆಯ ಮುಂದೆ ಸುಮ್ಮನೆ ಕೂರುವ ಅಭ್ಯಾಸ ಮಾಡಿಕೊಂಡಿದ್ದ. ಹೊರಡುವ ಬೆಳಗ್ಗೆ ಕ್ರೂಸರ್ ಬಾಗಿಲು ತೆಗೆಯುತ್ತಾ, "ಅಕ್ಕಾ, ಇದೊಂದು ತಪ್ಪಬಾರದವ್ವ" ಎಂದ. ತಪ್ಪದಂತೆ ನೋಡಿಕೊಳ್ಳುತ್ತೇನೆ ಎಂದೆ. ಹೇಗೆಂದು ನನಗೂ ಗೊತ್ತಿರಲಿಲ್ಲ. ಮಾನ್ಯರೇ, ತಾವು ನಮ್ಮ ಬದುಕಿನಲ್ಲಿ ಪ್ರವೇಶಿಸಿದ್ದು ಇಂಥ ಹೊತ್ತಿನಲ್ಲಿ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಸಂಬಂಧ ಗಟ್ಟಿಯಾಗುವ ತನಕ ಹೆಣ್ಣಿನ ಮನೆಯಲ್ಲಿ ಉಣ್ಣಬಾರದೆಂಬುದು ಚಿಗವ್ವ ಶೇಖಮ್ಮಳ ಕಟ್ಟಪ್ಪಣೆ. ಹೊಟ್ಟೆ ಹಸಿದರೆ ಆಕೆಗೆ ಕಣ್ಣು ಕತ್ತಲೆಗಟ್ಟುತ್ತದೆಂಬುದೂ ಅಷ್ಟೇ ಸತ್ಯ. ಹೀಗಾಗಿ ಶಹಾಪುರದ ಊರು ದಾಟಿದ್ದೇ ತಡ, ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಎದುರಿಗೆ, ಬೋರ್ಡಿಗಿಂತ ಮೊದಲೇ ಮೂಗಿಗೆ ಸಿಗುವ ತಮ್ಮ ಹೋಟೆಲಿನ ಹೊಗೆ ಕಂಡು ಆಕೆ ಡ್ರೈವರ್ ಶರಣಕುಮಾರನ ಹೆಗಲು ತಟ್ಟಿದಳು. ಒಳಗೆ ಹೋದರೆ ಒಂದೊಂದು ಕಲ್ಲಿನ ಮೇಜಿನ ನಡುವೆಯೂ ಒಂದೊಂದು ಗುಂಡಿ, ಗುಂಡಿಯಲ್ಲಿ ನಿಗಿನಿಗಿ ಜಾಲಿ ಕೆಂಡ. ಮಾಲೀಕ ಗಯಾಸ ಅವರು ಮಸಾಲೆ ಹಚ್ಚಿದ ಹಸಿ ಖಂಡವನ್ನು ಕಬ್ಬಿಣದ ಕಡ್ಡಿಗಳಿಗೆ ಚುಚ್ಚಿ ತಂದು ನಮ್ಮ ಕೈಗೇ ಕೊಟ್ಟರು.

"ನಾವ ಸುಟ್ಕೊಂಡು ನಾವ ತಿನ್ನಾಕ ಇಲ್ಲೀತನ ಯಾಕ ಬರಬೇಕಿತ್ರಿ? ಮನ್ಯಾಗ ಒಲಿ ಇದ್ದಿಲ್ಲೇನು?" ಎಂದು ಚಿಗವ್ವ ಕೇಳಿದಳು.

"ಹೈದರಾಬಾದಿನ್ಯಾಗ ಇದಕ್ಕ ಬಾರ್ಬಿಕ್ಯೂ ಅಂತಾರ್ರಿ ಅವ್ವಾರ. ಮಂದಿ ಪಾಳಿ ಹಚ್ಚಿ ನಿಂತು ಸುಟ್ಕೋತಾರ. ನಾ ಅಲ್ಲೇ ಕಲ್ತು ಬಂದೀನಿ" ಎಂದರು ಗಯಾಸ.

ದೂರಿನ ಪತ್ರದಲ್ಲಿ ಹೊಗಳಿಕೆ ಸಲ್ಲದಾದರೂ ನಿಜ ಹೇಳಬೇಕು. ಅಂಚು ಕಪ್ಪಗೆ ಗರಿಯಾಗಿ, ಒಳಗೆ ಬೆಣ್ಣೆಯಂತಿದ್ದ ಆ ಮೊದಲ ತುಣುಕನ್ನು ಬಿಸಿ ಜೋಳದ ರೊಟ್ಟಿಯಲ್ಲಿ ಸುತ್ತಿ, ಹಸಿ ಉಳ್ಳಾಗಡ್ಡಿ ಕಡಿದು ಬಾಯಿಗಿಟ್ಟುಕೊಂಡಾಗ, ನನ್ನ ತಮ್ಮನ ಮದುವೆ, ನನ್ನ ಕಚೇರಿ, ಬಾಕಿ ಉಳಿದ ಕಡತಗಳು ಎಲ್ಲವೂ ಒಂದು ಗಳಿಗೆ ಮರೆತುಹೋದವು. ಎರಡನೆಯ ತುಣುಕಿಗೆ ಕೈ ಹಾಕುವಾಗ ಮೇಜಿನ ಅಂಚಿನ ಮೇಲೆ ಒಂದು ಗದ್ದ ಬಂದು ಕುಳಿತಿತು. ಆ ಗದ್ದ ತಮ್ಮದು.

ಕೆಂಪು ಮಖಮಲ್ಲಿನ ಪಟ್ಟಿ, ಅದಕ್ಕೊಂದು ಹಿತ್ತಾಳೆ ಗಂಟೆ, ಸುರುಳಿ ಸುತ್ತಿದ ಕೊಂಬು, ಕೆಂಗುರಿ ತಳಿಗೆ ಒಪ್ಪುವ ತಾಮ್ರದಂಥ ಮೈ. ತಾವು ಏನನ್ನೂ ಕೇಳಲಿಲ್ಲ, ಏನನ್ನೂ ಎಳೆಯಲಿಲ್ಲ. ಸುಮ್ಮನೆ ಒಬ್ಬೊಬ್ಬರ ಕೈಯನ್ನು, ಕೈಯಿಂದ ಬಾಯಿಯನ್ನು, ಬಾಯಿಂದ ಗಂಟಲನ್ನು ನೋಡುತ್ತಾ ನಿಂತಿರಿ. ಗಯಾಸ ಅವರು ಪರಿಚಯ ಮಾಡಿಕೊಟ್ಟರು. ಹೋಟೆಲು ತೆರೆದ ದಿನದ ಅಡುಗೆಗೆಂದೇ ತಮ್ಮನ್ನು ತಂದಿದ್ದರಂತೆ. ಎಷ್ಟು ಎಳೆದರೂ ತಾವು ಒಲೆಯ ಮುಂದಿನಿಂದ ಏಳಲಿಲ್ಲವಂತೆ, ಅಷ್ಟರಲ್ಲಿ ಬಂದ ಗಿರಾಕಿಗಳು ತಮ್ಮ ಜೊತೆ ಫೋಟೊ ತೆಗೆಸಿಕೊಳ್ಳತೊಡಗಿದರಂತೆ, ಆ ಫೋಟೊ ನೋಡಿ ಇನ್ನಷ್ಟು ಮಂದಿ ಬಂದರಂತೆ. ಅಂದಿನಿಂದ ತಾವೇ ಆ ಹೋಟೆಲಿನ ಅದೃಷ್ಟ.

"ಸಾಹೇಬ್ರು ಅಂತ ಕರೀತೀವ್ರಿ. ಹೊಟ್ಟಿ ನೋಡ್ರಿ, ನಡಿಗಿ ನೋಡ್ರಿ, ಯಾರ ಕೂಡನೂ ಮಾತಿಲ್ಲ. ಮತ್ತೇನಂತ ಕರೀಬೇಕ್ರಿ?" ಎಂದರು ಗಯಾಸ.

ದಿನವಿಡೀ ಕೆಂಡದ ಸುತ್ತ ಓಡಾಡಿಯೂ ಕೆಂಡದ ಮೇಲೆ ಏರದೆ ಉಳಿದಿರುವ ತಮ್ಮ ಆಡಳಿತ ಜಾಣ್ಮೆಗೆ ನಾನು ಅಂದೇ ಮನಸಾರೆ ತಲೆಬಾಗಿದೆ. ಆದರೆ ಚಿಗವ್ವ ಕುರಿ ಕಾಯ್ದ ಮನೆತನದವಳು. ತಮ್ಮ ನೋಟದ ಎದುರು ಕಡ್ಡಿಯ ಮೇಲೆ ಸೆರಗು ಹೊದಿಸಿ, "ಇದು ಕೋಳಿ ಐತ್ರಿ ಸಾಹೇಬ್ರ, ನಿಮ್ಮ ಪೈಕಿ ಅಲ್ಲ" ಎಂದು ಹಸೀ ಸುಳ್ಳು ಹೇಳಿದಳು. ತಾವು ನಂಬಲಿಲ್ಲ. ಕಣ್ಣು ಮಿಟುಕಿಸದೆ ಹಾಗೇ ನಿಂತಿರಿ. "ಅಂವ ನನ್ನ ಮಾರೀನ ನೋಡಾಕತ್ತಾನವಾ ಸುಮಾ, ನನಗ ನುಂಗಾಕ ಆಗವಲ್ದು" ಎಂದು ಆಕೆ ಕಡೆಗೆ ಪ್ರಾಯಶ್ಚಿತ್ತಕ್ಕೆಂದು, ಹೆಣ್ಣಿನ ಮನೆಗೆ ಒಯ್ಯುತ್ತಿದ್ದ ಶೇಂಗಾ ಹೋಳಿಗೆಯ ಬುಟ್ಟಿ ಬಿಚ್ಚಿ ತಮಗೊಂದು ಕೊಟ್ಟಳು. ತಾವು ಅದನ್ನು ಸ್ವೀಕರಿಸಿದ ರೀತಿ ಎಷ್ಟು ಗಂಭೀರವಾಗಿತ್ತೆಂದರೆ ಎರಡನೆಯದನ್ನೂ ಕೊಟ್ಟಳು. ಇನ್ನುಳಿದ ಹೋಳಿಗೆಯ ಬುಟ್ಟಿ ಗಾಡಿಗೆ ಹೋದಾಗ ತಾವೂ ಅದರ ಹಿಂದೆ ಹೋಗಿ, ತೆರೆದ ಹಿಂಬಾಗಿಲಿನಿಂದ ಏರಿ, ಸೀಟಿನ ಮೇಲೆ ಮಂಡಿಗಾಲು ಮಡಚಿ ಕುಳಿತುಬಿಟ್ಟಿರಿ.

ಆಮೇಲೆ ನಡೆದದ್ದು ತಮಗೆ ಗೊತ್ತಿರುವಂಥದ್ದೇ. ಶರಣಕುಮಾರ ಕೊಂಬು ಹಿಡಿದ, ಹಣಮೇಶ ಪಟ್ಟಿ ಹಿಡಿದ, ನಾನು ಕಾಲು ಹಿಡಿದೆ. ಕೊಂಬು ಮುಂದಿನ ಸೀಟಿನ ಸರಳಿಗೆ ಸಿಕ್ಕಿಕೊಂಡಿತು. ಹಣಮೇಶನ ಹೊಸ ಅಂಗಿಯ ಗುಂಡಿ ಹರಿಯಿತು. ಇತ್ತ ರಾಹುಕಾಲ ಶುರುವಾಗುವ ಮೊದಲು ಕಕ್ಕೇರಾ ಮುಟ್ಟಬೇಕಿತ್ತು. ಗಯಾಸ ಅವರು ಬಂದು ನೋಡಿ, ಗಲ್ಲಕ್ಕೆ ಕೈಯಿಟ್ಟುಕೊಂಡು, "ಮನಸ್ಸಿಗೆ ಬಂದಾಗ ಇಳೀತಾರ್ರಿ, ಜುಲುಮಿ ಮಾಡಬ್ಯಾಡ್ರಿ. ಹೆಂಗೂ ಸಂಜೀಕ ಇದ ದಾರೀಲೆ ಬರ್ತೀರಲ್ಲ, ಆವಾಗ ಇಳಿಸಿ ಹೋಗ್ರಿ" ಎಂದರು. ಒಬ್ಬ ಟಗರನ್ನು ಪಕ್ಕಕ್ಕೆ ಕೂರಿಸಿಕೊಂಡು ಹೆಣ್ಣು ನೋಡಲು ಹೊರಟ ಮೊದಲ ಕುಟುಂಬ ನಮ್ಮದಿರಲಿಕ್ಕಿಲ್ಲ, ಆದರೆ ಕಿಟಕಿಯ ಪಕ್ಕದ ಜಾಗವನ್ನು ಟಗರಿಗೆ ಬಿಟ್ಟುಕೊಟ್ಟ ಕುಟುಂಬ ಬೇರೆ ಇರಲಾರದು.

ಸುರಪುರ ದಾಟಿ, ಕಾಲುವೆಯ ನೀರಿಗೆ ಹಸಿರಾದ ಭತ್ತದ ಗದ್ದೆಗಳ ನಡುವೆ ಹೋಗುವಾಗ ಹುಡುಗಿಯ ತಂದೆ ಭಗವಂತರಾಯ ಅವರ ಫೋನು ಬಂತು. ನನ್ನ ಕೈಯಲ್ಲಿ ಹಣಮೇಶನ ಅಂಗಿ, ಸೂಜಿ, ದಾರ ಇದ್ದದ್ದರಿಂದ ಚಿಗವ್ವ ಮಾತಾಡಿದಳು.

"ದೊಡ್ಡವರು ಯಾರ್ ಯಾರು ಬರಾಕತ್ತೀರಿ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು.

"ನಾವು ಮನಿ ಮಂದಿ ಮೂವರು, ಮತ್ತ ಸಾಹೇಬ್ರು ಅದಾರ್ರಿ."

"ಯಾವ ಸಾಹೇಬ್ರು?"

"ಶಹಾಪುರದ ಸಾಹೇಬ್ರು. ಬ್ಯಾಡ ಅಂದ್ರೂ ಕೇಳ್ಲಿಲ್ರಿ, ಗಾಡಿ ಹತ್ತಿ ಕುಂತುಬಿಟ್ರು."

ಅಷ್ಟಕ್ಕೆ ಸಿಗ್ನಲ್ ಹೋಯಿತು. ನಾನು ತಿರುಗಿ ಮಾಡಿದೆ, ಹತ್ತಲಿಲ್ಲ. ಚಿಗವ್ವಳಿಗೆ ತಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂಬ ನೆಮ್ಮದಿ. ತಮಗಂತೂ ಕಿಟಕಿಯಿಂದ ಬರುವ ಗಾಳಿಯ ನೆಮ್ಮದಿ.

ಕಕ್ಕೇರಾದಲ್ಲಿ ಅವರ ಮನೆಯ ಓಣಿಗೆ ತಿರುಗಿದಾಗಲೇ, ಅವರು ಯಾವುದೋ ಅಧಿಕಾರಿಯ ಸ್ವಾಗತಕ್ಕೆ ಸಜ್ಜಾಗಿದ್ದಾರೆಂದು ನನಗೆ ಹೊಳೆಯಿತು. ಅಂಗಳಕ್ಕೆ ನೀರು ಹೊಡೆದು ಜಮಖಾನ ಹಾಸಿದ್ದರು. ಶಾಲೆಯಿಂದ ತಂದ ಕುರ್ಚಿಗಳ ನಡುವೆ ಒಂದು ಗಾದಿ ಕುರ್ಚಿ, ಅದರ ಮೇಲೆ ಬಿಳಿ ಟವೆಲ್ಲು. ಓಣಿಯ ಮಂದಿಯೆಲ್ಲ ಒಗೆದ ಬಟ್ಟೆ ತೊಟ್ಟು ನಿಂತಿದ್ದರು. ಭಗವಂತರಾಯ ಅವರ ಅಣ್ಣ ದ್ಯಾವಪ್ಪ, ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಹತ್ತಾರು ವರ್ಷ ಕುಳಿತು ಮೀಸೆ ಬಿಳಿ ಮಾಡಿಕೊಂಡವರು, ಒಂದು ಕೈಯಲ್ಲಿ ಚೆಂಡುಹೂವಿನ ಹಾರ, ಇನ್ನೊಂದರಲ್ಲಿ ಶಾಲು ಹಿಡಿದು, ಗಟಾರದ ನೀರು ಮನೆಗಳಿಗೆ ನುಗ್ಗುವ ವಿಷಯವನ್ನು ಸಾಹೇಬರ ಕಿವಿಗೆ ಹಾಕಲು ಮುಂದೆ ಬಂದರು. ಶರಣಕುಮಾರ ಹಿಂಬಾಗಿಲು ತೆರೆದ. ತಾವು ಇಳಿದಿರಿ.

ತಾವು ಜಮಖಾನದ ಮೇಲೆ, ಅದು ತಮಗಾಗಿಯೇ ಹಾಸಿದ್ದೆಂದು ಮೊದಲೇ ತಿಳಿದವರಂತೆ ನಡೆದಿರಿ.

"ಇವರೇನ್ರಿ ಸಾಹೇಬ್ರು?" ಎಂದು ದ್ಯಾವಪ್ಪ ಕೇಳಿದರು.

"ಹೌದ್ರಿ," ಎಂದಳು ಚಿಗವ್ವ.

ನಾನು ಮುಂದೆ ಬಂದು, ಹೋಟೆಲು, ಹೋಳಿಗೆ, ಕೊಂಬು, ರಾಹುಕಾಲ ಎಲ್ಲವನ್ನೂ ವಿವರಿಸಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ, ಏಕೆಂದರೆ ಭಗವಂತರಾಯ ಅವರು ಆಗಲೇ ಸಾಹೇಬರಾದ ತಮ್ಮ ತುಟಿ ಸರಿಸಿ ಹಲ್ಲು ನೋಡಿ, ಬೆನ್ನ ಮೇಲೆ ಅಂಗೈ ಎಳೆದು, ತೊಡೆ ಹಿಸುಕಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬಾಳಿದ ಆ ಮನುಷ್ಯನ ಕಣ್ಣಲ್ಲಿ ನೀರಾಡಿತ್ತು. "ಇಂಥಾ ಟಗರ ನಮ್ಮ ದೊಡ್ಡ್ಯಾಗ ಒಂದೂ ಹುಟ್ಟಲಿಲ್ಲ ನೋಡಣ್ಣ" ಎಂದರು. ದ್ಯಾವಪ್ಪ ಸುತ್ತ ನೆರೆದ ಮಂದಿಯನ್ನು ನೋಡಿದರು, ಕೈಯಲ್ಲಿದ್ದ ಹಾರವನ್ನು ನೋಡಿದರು. "ಶುಭಕಾರ್ಯದಾಗ ತಂದ ಹಾರ ಹೊಳ್ಳಿ ಒಳಗ ಒಯ್ಯಬಾರದು" ಎಂದು ಅದನ್ನು ತಮ್ಮ ಕೊಂಬು ದಾಟಿಸಿ ಕೊರಳಿಗೆ ಹಾಕಿ ಶಾಲು ಹೊದಿಸಿದರು. ತಾವು ಹಾರವನ್ನು ಅಲ್ಲೇ ಒಂದು ಕಡೆಯಿಂದ ತಿನ್ನಲಾರಂಭಿಸಿದಾಗ, ದೊಡ್ಡವರು ಏನು ಮಾಡಿದರೂ ಅದಕ್ಕೊಂದು ಅರ್ಥವಿರುತ್ತದೆ ಎಂಬಂತೆ ಮಂದಿ ಚಪ್ಪಾಳೆ ತಟ್ಟಿದರು. ಗಾದಿ ಕುರ್ಚಿಯ ಮುಂದೆ ತಾವು ಕಾಲು ಮಡಚಿ ಕುಳಿತಿರಿ. ಶಾಲೆಯ ಕುರ್ಚಿಗಳಲ್ಲಿ ಗಂಡಸರು ಕುಳಿತರು. ಎಲ್ಲವೂ ತುಂಬಿದವು. ನಾನು ಕಂಬಕ್ಕೆ ಒರಗಿ ನಿಂತೆ.

ಈಗ ನನ್ನ ದೂರಿನ ಮುಖ್ಯ ಅಂಶ. ಮಾತುಕತೆ ಶುರುವಾದಾಗ ದ್ಯಾವಪ್ಪ, "ನಿಮ್ಮ ಕಡಿ ಮಾತಾಡೋರು ಯಾರ್ರಿ?" ಎಂದರು. "ನಾನ್ರಿ" ಎಂದೆ. ಅವರು ನಕ್ಕು, "ಅದು ಖರೇ ಅಕ್ಕಾರ, ಆದ್ರ ಗಂಡಸರು ಯಾರು?" ಎಂದರು. ಚಿಗವ್ವ ತಡವರಿಸದೆ ತಮ್ಮ ಕಡೆ ಕೈ ತೋರಿಸಿ, "ನಮ್ಮ ಕಡಿ ದೊಡ್ಡ ಗಂಡಸು ಅಂದ್ರ ಇವರೊಬ್ರು ನೋಡ್ರಿ" ಎಂದಳು. ಆಕೆ ಸಿಟ್ಟಿನಿಂದ ಹೇಳಿದಳೋ ಮುಗ್ಧತೆಯಿಂದ ಹೇಳಿದಳೋ ಈವರೆಗೆ ಬಾಯಿಬಿಟ್ಟಿಲ್ಲ. ನಾನು ತಾಳ್ಮೆಯಿಂದ, ಭಾರತಿ ಬಿ.ಎಡ್. ಓದುತ್ತಿದ್ದಾಳೆಂದು ಕೇಳಿದ್ದೇನೆ, ಮದುವೆಯಾದ ಮೇಲೂ ಅದನ್ನು ಬಿಡಿಸಬಾರದು, ಯಾದಗಿರಿಯಲ್ಲಿ ನಮ್ಮ ಮನೆಯಿಂದಲೇ ಪರೀಕ್ಷೆಗೆ ಹೋಗಿ ಬರಲಿ ಎಂದೆ. ದ್ಯಾವಪ್ಪ ಪಕ್ಕದವರ ಕಡೆ ತಿರುಗಿ ಈ ಸಲದ ಮಳೆಯ ವಿಷಯ ತೆಗೆದರು. ಇನ್ನೊಮ್ಮೆ ಹೇಳಿದೆ. ಮಳೆಯಿಂದ ಹತ್ತಿಗೆ ಹೋದರು. ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಹಣಮೇಶ ತಲೆ ತಗ್ಗಿಸಿ ತನ್ನ ಅಂಗಿಯ ಗುಂಡಿ ತಿರುವುತ್ತಿದ್ದ. ಗುರುಮಠಕಲ್ಲಿನ ಮನೆಯಲ್ಲೂ ಅವನು ಹೀಗೇ ಕುಳಿತಿದ್ದ.

ಮಾನ್ಯರೇ, ಸಾಹೇಬರು ಬಾಯಿ ತೆರೆಯದೆ ಕುಳಿತಿರುವಾಗ ಸಾಹೇಬರ ಅಭಿಪ್ರಾಯ ಏನೆಂದು ಬರೆದಿಡುವುದೇ ನನ್ನ ಉದ್ಯೋಗ. ಅದರಲ್ಲಿ ನನಗಿರುವ ಅನುಭವ ಜಿಲ್ಲೆಯಲ್ಲಿ ಕೆಲವರಿಗಷ್ಟೇ ಇದ್ದೀತು. ನಾನು ಕಂಬ ಬಿಟ್ಟು ಬಂದು ತಮ್ಮ ಪಕ್ಕ ಕುಳಿತು, ತಮ್ಮ ಬಾಯಿಯ ಹತ್ತಿರ ಕಿವಿ ಒಯ್ದೆ. ಚೆಂಡುಹೂವಿನ ವಾಸನೆ ಬಿಟ್ಟರೆ ಬೇರೇನೂ ಬರಲಿಲ್ಲ. ತಲೆಯೆತ್ತಿ, "ಹುಡುಗಿ ಓದು ಬಿಡಬಾರದು ಅಂತಾರ್ರಿ ಸಾಹೇಬ್ರು" ಎಂದೆ.

ಹತ್ತಿಯ ಮಾತು ನಿಂತಿತು. ಒಂದಿಬ್ಬರು ನಕ್ಕರು. ದ್ಯಾವಪ್ಪ ನಗಲಿಲ್ಲ. ಸ್ವಂತ ಕೈಯಾರೆ ಶಾಲು ಹೊದಿಸಿದವರ ಮಾತಿಗೆ ನಕ್ಕರೆ ಶಾಲಿನ ಗತಿ ಏನಾಗಬೇಕು ಎಂದು ಅವರು ಲೆಕ್ಕ ಹಾಕಿರಬೇಕು. ಮೀಸೆ ನೀವಿಕೊಂಡು, "ದೊಡ್ಡವರು ಹೇಳೂದ್ರಾಗೂ ಒಂದು ಅರ್ಥ ಐತಿ. ಓದ್ಲಿ ಬಿಡ್ರಿ" ಎಂದರು. ಆಗ ತಾವು ಕೊರಳು ಕೊಡವಿದ್ದರಿಂದ ಗಂಟೆ ಮೊಳಗಿತು. ಭಗವಂತರಾಯ ಅವರು ಅದನ್ನು ಒಪ್ಪಿಗೆಯೆಂದು ತಿಳಿದು ಕೈಮುಗಿದರು. ಆಮೇಲೆ ಸಾಹೇಬರಿಗೆ ಕೊಡುವ ತಗೊಳ್ಳುವ ಮಾತು ಇಷ್ಟವಿಲ್ಲವೆಂದೆ, ಒಪ್ಪಿದರು. ಸಾಹೇಬರಿಗೆ ಹುಡುಗಿಯ ಮನಸ್ಸು ಹುಡುಗಿಯ ಬಾಯಿಂದಲೇ ಕೇಳಬೇಕಂತೆ ಎಂದೆ, ಅದಕ್ಕೂ ಒಪ್ಪಿದರು. ಇವೇ ಮಾತುಗಳನ್ನು ನಾನು ನಾನಾಗಿಯೇ ಎಷ್ಟು ಮನೆಗಳ ಅಂಗಳದಲ್ಲಿ ಆಡಿ ಬಂದಿದ್ದೇನೆಂದು ತಮಗೆ ಹೇಳಿ ಏನು ಪ್ರಯೋಜನ?

ಭಾರತಿ ಚಹಾದ ತಟ್ಟೆ ಹಿಡಿದು ಬಂದಳು. ಎತ್ತರದ ಹುಡುಗಿ, ನೇರವಾಗಿ ನೋಡುವ ಕಣ್ಣು. ಹಣಮೇಶನಿಗೆ ಕೊಟ್ಟಳು, ಎಲ್ಲರಿಗೂ ಕೊಟ್ಟಳು, ನನ್ನ ಹತ್ತಿರ ಬಂದಾಗ ಬಗ್ಗಿ ಮೆಲ್ಲಗೆ ಕೇಳಿದಳು: "ಅಕ್ಕಾರ, ಓದಿನ ಮಾತು ಸಾಹೇಬ್ರದೋ, ನಿಮ್ದೋ?"

"ಟಿಪ್ಪಣಿ ನಂದವ್ವ, ಸಹಿ ಅಷ್ಟ ಅವರದು" ಎಂದೆ.

ಅವಳ ತುಟಿ ಸ್ವಲ್ಪ ಅಲುಗಿತು. ತಟ್ಟೆ ಕೆಳಗಿಟ್ಟು, ಅಪ್ಪನ ಕಡೆ ತಿರುಗಿ, "ನನಗ ಈ ಮನಿ ಒಪ್ಪಿಗಿ ಐತಿ" ಎಂದಳು. ಹುಡುಗ ಒಪ್ಪಿಗೆ ಎನ್ನದೆ ಮನೆ ಒಪ್ಪಿಗೆ ಎಂದಳಲ್ಲ ಎಂದು ಹಣಮೇಶ ಎರಡು ದಿನ ಯೋಚನೆಯಲ್ಲಿದ್ದ. ಆದರೆ ಆ ಗಳಿಗೆಯಲ್ಲಿ ಅವನ ಮುಖ ನೋಡಬೇಕಿತ್ತು.

ಎಲ್ಲವೂ ಇಲ್ಲಿಗೆ ಮುಗಿದಿದ್ದರೆ ನಾನು ತಮಗೆ ಅಭಿನಂದನಾ ಪತ್ರ ಬರೆಯುತ್ತಿದ್ದೆ. ಸಂಜೆ, ನಾವು ಹೊರಡುವ ಹೊತ್ತಿಗೆ, ಭಗವಂತರಾಯ ಅವರ ಮಂದೆ ಮೇವು ಮುಗಿಸಿ ಬಂತು. ಧೂಳಿನೊಳಗಿಂದ ಬಂದ ಆ ಕುರಿಗಳ ಕೂಗು ಕೇಳಿ ತಾವು ಎದ್ದು ನಿಂತಿರಿ. ಶಾಲು ಜಾರಿ ಬಿತ್ತು. ಕುರಿಗಳ ಹಿಂದೆ ದೊಡ್ಡಿಯೊಳಗೆ ಹೋದಿರಿ, ಹೋದವರು ಹೊರಗೆ ಬರಲಿಲ್ಲ. ಹೋಳಿಗೆ ತೋರಿಸಿದೆವು, ಬರಲಿಲ್ಲ. ಗಾಡಿಯ ಹಿಂಬಾಗಿಲು ತೆರೆದು ಹಾರ್ನ್ ಹೊಡೆದೆವು, ಬರಲಿಲ್ಲ. ಒಪ್ಪಂದದ ಮರುಗಳಿಗೆಯಲ್ಲೇ ಗಂಡಿನ ಕಡೆಯ ಹಿರಿಯರು ಹೆಣ್ಣಿನ ಕಡೆಗೆ ಪಕ್ಷಾಂತರ ಮಾಡಿದ ಇನ್ನೊಂದು ಉದಾಹರಣೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಸಿಕ್ಕರೆ ನನಗೆ ತಿಳಿಸಬೇಕಾಗಿ ವಿನಂತಿ.

ಮರುದಿನ ಗಯಾಸ ಅವರೇ ಕಕ್ಕೇರಾಕ್ಕೆ ಬಂದರು. ದೊಡ್ಡಿಯ ಬೇಲಿಗೆ ಕೈಯೂರಿ, "ಸಾಹೇಬ್ರ, ನಡೀರಿ, ಮಂದಿ ಕೇಳಾಕತ್ತಾರ" ಎಂದು ಕರೆದರಂತೆ. ತಾವು ಒಮ್ಮೆ ನೋಡಿ, ಮುಖ ತಿರುಗಿಸಿ, ಒಂದು ಎಳೆಯ ಕುರಿಯ ಪಕ್ಕಕ್ಕೆ ಹೋಗಿ ನಿಂತಿರಂತೆ. ವಾಪಸು ಹೋಗುವಾಗ ಅವರು ಯಾದಗಿರಿಗೆ ನನಗೆ ಫೋನು ಮಾಡಿದರು. "ಕೊಯ್ಯಲಿಲ್ಲ, ಮಾರಲಿಲ್ಲ, ಒಂದ್ ದಿನಾ ಹೆಸರು ಹಿಡದು ಕರೀಲಿಲ್ರಿ ಅಕ್ಕಾರ. ಕುರಿ ಕಂಡ ಕೂಡ್ಲೆ ನನ್ನ ಗುರ್ತ ಮರತರು" ಎಂದರು. ಎಳೆದು ತರುವುದು ಅವರಿಗೆ ಕಷ್ಟವಿರಲಿಲ್ಲ. ಖುಷಿಯಿಂದ ಇದ್ದಾರೆ, ಇರಲಿ ಬಿಡಿ ಎಂದು ಅವರೇ ಹೇಳಿದರು. ಈಗ ಹೋಟೆಲಿನ ಬಾಗಿಲಲ್ಲಿ 'ಸಾಹೇಬರು ರಜೆಯ ಮೇಲಿದ್ದಾರೆ' ಎಂದು ಬರೆಸಿ ಹಾಕಿದ್ದಾರೆ. ರಜೆಯ ಅರ್ಜಿ ಕೊಡದೆ ಹೋದ ಸಾಹೇಬರ ಬಗ್ಗೆ ಇಷ್ಟು ಸೌಜನ್ಯದ ಫಲಕ ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಫಜೀತಿ ಬೇರೆಯೇ. ಲಗ್ನದ ದಿನ ಗೊತ್ತುಮಾಡಲು ಕುಳಿತಾಗ ದ್ಯಾವಪ್ಪ ಫೋನಿನಲ್ಲಿ, "ಹಂದರದಾಗ ಎರಡೂ ಕಡಿ ದೊಡ್ಡವರು ಕುಂದರಬೇಕ್ರಿ. ಸಾಹೇಬ್ರು ಈಗ ನಮ್ಮ ಮನ್ಯಾಗ ಅದಾರ, ನಮ್ಮ ಉಪ್ಪು ತಿನ್ನಾಕತ್ತಾರ, ಅಂದ್ರ ನಮ್ಮ ಕಡ್ಯಾವ್ರು. ನಿಮ್ಮ ಕಡಿ ದೊಡ್ಡವರು ಯಾರು?" ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಒಮ್ಮೆ ಊರ ಮುಂದೆ ಹಿರಿಯರೆಂದು ಒಪ್ಪಿದ್ದನ್ನು ಅವರು ಕೈಬಿಡುವವರಲ್ಲ. ಹಣಮೇಶ ನನ್ನ ಮುಖ ನೋಡುತ್ತಿದ್ದ. ನನಗೆ ಹೇಳಲು ಏನೂ ಇರಲಿಲ್ಲ, ಹೇಳಿಸಲು ಟಗರೂ ಇರಲಿಲ್ಲ.

ಆಗ ಆ ಕಡೆಯಿಂದ ಭಾರತಿಯ ದನಿ ಕೇಳಿಸಿತು. ಫೋನು ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ. "ದೊಡ್ಡಪ್ಪಾ, ಸಾಹೇಬ್ರು ನಮ್ಮ ಕಡಿ ಕುಂದರ್ಲಿ. ಅವರ ಕಡಿ ಅಕ್ಕಾರು ಕುಂದರ್ತಾರ. ಟಗರಿಗಿಂತ ಅಕ್ಕಾರು ಯಾವುದ್ರಾಗ ಕಡಿಮಿ ಅದಾರ, ನೀನ ಹೇಳು."

ದ್ಯಾವಪ್ಪ ಅವರು ಬಹಳ ಹೊತ್ತು ಯೋಚಿಸಿದ್ದಕ್ಕೆ ನನಗೆ ಬೇಸರವಿಲ್ಲ, ಏಕೆಂದರೆ ನನ್ನ ವಿಷಯದಲ್ಲಿ ಅವರು ಯೋಚಿಸಿದ್ದು ಅದೇ ಮೊದಲು. ಕಡೆಗೆ ಕೆಮ್ಮಿ, "ಕಡಿಮಿ ಏನಿಲ್ಲ" ಎಂದರು. ಆಮೇಲೆ ಅವರಾಗಿಯೇ, "ಅಕ್ಕಾರು ಕುಂದರ್ಲಿ" ಎಂದರು. ಪಕ್ಕದಲ್ಲಿದ್ದ ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಕಣ್ಣಿಗೆ ಹೊಗೆ ಬಿದ್ದಿತೆಂದಳು. ಒಲೆ ಹಚ್ಚಿರಲಿಲ್ಲ.

ಹೀಗಾಗಿ ಬರುವ ತಿಂಗಳು ಹಂದರದ ಒಂದು ಕಡೆ ತಾವು, ಇನ್ನೊಂದು ಕಡೆ ನಾನು, ಎದುರುಬದುರು ಕೂರಲಿದ್ದೇವೆ. ಸರ್ಕಾರಿ ಸೇವೆಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಒಬ್ಬ ಟಗರಿನ ಸಮಾನ ದರ್ಜೆ ದೊರೆತಿರುವುದು ಬಡ್ತಿಯೇ ಸರಿ, ಮತ್ತು ಅದಕ್ಕೆ ಕಾರಣರಾದ ತಮಗೆ ನಾನು ಋಣಿ. ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ಅಂದು ಸೇವಾಹಿರಿತನದ ನೆಪದಲ್ಲಿ ತಾವು ನನಗಿಂತ ಎತ್ತರದ ಆಸನ ಕೇಳಬಾರದು. ಅಕ್ಷತೆಯನ್ನು ಎಸೆಯುವ ಮೊದಲೇ ತಿನ್ನಬಾರದು. ಕಕ್ಕೇರಾದ ಅಂಗಳದಲ್ಲಿ ಆ ದಿನ ತಾವು ಆಡಿದ ಮಾತುಗಳೆಲ್ಲ ನನ್ನವೆಂದು ಊರ ಮುಂದೆ ಸ್ವತಃ ಘೋಷಿಸಿದರೆ ಬಹಳ ಉಪಕಾರ; ಅದು ಆಗದಿದ್ದರೆ, ಈವರೆಗೆ ಕಾಪಾಡಿಕೊಂಡು ಬಂದಿರುವ ಮೌನವನ್ನೇ ಕಾಪಾಡಿಕೊಂಡರೂ ಸಾಕು. ನನ್ನ ಪರವಾಗಿ ಇನ್ನು ತಾವು ಮಾತಾಡುವ ಅಗತ್ಯವಿಲ್ಲ.

ತಮ್ಮ ಮಂದೆ ದೊಡ್ಡದಾಗಲಿ ಎಂಬ ಹಾರೈಕೆಯೊಂದಿಗೆ,

ತಮ್ಮ ವಿಶ್ವಾಸಿ ಹಾಗೂ ಸಮಾನ ದರ್ಜೆಯ ಸಹೋದ್ಯೋಗಿ,
ಸುಮಂಗಲಾ
ಯಾದಗಿರಿ

ಮರೆತ ಮಾತು: ಮದುವೆಯ ಅಡುಗೆಯನ್ನು ಗಯಾಸ ಅವರಿಗೇ ಒಪ್ಪಿಸಿದ್ದೇವೆ. ಹೋಳಿಗೆಯೋ, ಕೆಂಡದ ಅಡುಗೆಯೋ ಎಂಬುದನ್ನು ಎರಡೂ ಕಡೆಯ ಹಿರಿಯರು ಕೂತು ತೀರ್ಮಾನಿಸಬೇಕೆಂದು ದ್ಯಾವಪ್ಪ ಹೇಳಿದ್ದಾರೆ. ತಮ್ಮ ಮತ ಹೋಳಿಗೆಗೆ ಎಂದು ಊಹಿಸಬಲ್ಲೆ. ನನ್ನ ಮತ ಯಾವುದಕ್ಕೆಂದು ಇನ್ನೂ ಯಾರಿಗೂ ಹೇಳಿಲ್ಲ.